ರಕ್ತಸಂಬಂಧವೂ ರಕ್ತವರ್ಗವೂ

'ರಕ್ತಸಂಬಂಧ' ಎಂಬ ಮಾತು ನಮ್ಮ ಜನಜೀವನದಲ್ಲಿ ಬಹು ಹಳೆಯದು. ಒಡಹುಟ್ಟಿದವರು, ಸೋದರಮಾವ, ಅಕ್ಕನ ಮಕ್ಕಳು ಇವರೆಲ್ಲ ಒಂದೇ ರಕ್ತವನ್ನು ಹಂಚಿಕೊಂಡವರೆಂಬುದು ರೂಢಿಯ ನಂಬಿಕೆ. ಆದರೆ ಶಸ್ತ್ರಕ್ರಿಯೆಯ ಕೋಣೆಯ ಬಾಗಿಲಲ್ಲಿ ಈ ನಂಬಿಕೆಯೂ ಪರೀಕ್ಷೆಗೆ ಒಳಗಾಗುತ್ತದೆ. ಸ್ವಂತ ತಮ್ಮನ ರಕ್ತ ಒಗ್ಗದೆ, ಹೆಸರೂ ಊರೂ ತಿಳಿಯದವರ ರಕ್ತ ಒಗ್ಗಿ ಪ್ರಾಣ ಉಳಿಯುವುದುಂಟು. ಈ ವಿಚಿತ್ರಕ್ಕೆ ಕಾರಣವನ್ನು ಅರಸಿದ ವಿಜ್ಞಾನದ ಒಂದು ಮಹತ್ತ್ವದ ಅಧ್ಯಾಯ ಆರಂಭವಾದದ್ದು ದೂರದ ದೇಶದಲ್ಲಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರು ಕೆಲಸಕ್ಕೆ ಹೋಗುವಾಗ ಲೋಕಲ್ ರೈಲಿನಲ್ಲಿ ನಿತ್ಯವೂ ಹಾದುಹೋಗುವ ಪರೇಲ್‌ನಲ್ಲಿ.

ಪರೇಲ್‌ನಲ್ಲಿ ಕಂಡ ಹೊಸ ವರ್ಗ

ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ಆಸ್ಟ್ರಿಯದ ವಿಜ್ಞಾನಿ ಮನುಷ್ಯರ ರಕ್ತವೆಲ್ಲ ಒಂದೇ ಬಗೆಯದಲ್ಲವೆಂದು 1901ರಲ್ಲಿ ತೋರಿಸಿಕೊಟ್ಟರು. ಅವರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎ, ಬಿ, ಎಬಿ, ಓ ಎಂಬ ನಾಲ್ಕು ವರ್ಗಗಳು ಇಂದು ಶಾಲೆಯ ಮಕ್ಕಳಿಗೂ ಪರಿಚಿತ. ಇವುಗಳಲ್ಲಿ ಓ ವರ್ಗದ ರಕ್ತವನ್ನು ಯಾರಿಗಾದರೂ ಕೊಡಬಹುದೆಂಬ ಮಾತೂ ಜನಜನಿತವಾಗಿದೆ.

ಆದರೆ 1952ರಲ್ಲಿ ಮುಂಬಯಿಯ ವೈದ್ಯರಾದ ವೈ. ಎಂ. ಭೆಂಡೆ, ಸಿ. ಕೆ. ದೇಶಪಾಂಡೆ ಮತ್ತು ಎಚ್. ಎಂ. ಭಾಟಿಯ ಅವರು ಈ ಮಾತಿಗೆ ಅಪವಾದವನ್ನು ಕಂಡರು. ಕೆಲವರ ರಕ್ತಕಣಗಳಲ್ಲಿ ಎ ಇರಲಿಲ್ಲ, ಬಿ ಇರಲಿಲ್ಲ. ಆದುದರಿಂದ ಅದು ಓ ವರ್ಗವೇ ಆಗಿರಬೇಕು. ಆದರೂ ಓ ವರ್ಗದ ರಕ್ತವನ್ನು ಸೇರಿಸಿದೊಡನೆ ಅದು ಗರಣೆಗಟ್ಟುತ್ತಿತ್ತು! ಲಂಡನ್ನಿನ ರೇಸ್, ಸ್ಯಾಂಗರ್, ಮಾರ್ಗನ್ ಮತ್ತು ವಾಟ್ಕಿನ್ಸ್ ಅವರ ಸಹಯೋಗದೊಡನೆ ಈ ಸಂಶೋಧನೆ ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಗರದ ಹೆಸರೇ ರಕ್ತಕ್ಕೂ ನಿಂತು, 'ಬಾಂಬೆ ರಕ್ತವರ್ಗ' ಎಂಬುದು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು.

ಗೂಟವಿಲ್ಲದ ಗೋಡೆ

ಇದರ ಮರ್ಮವನ್ನು ಸರಳವಾಗಿ ಹೀಗೆ ವಿವರಿಸಬಹುದು. ಗೋಡೆಯಲ್ಲಿ ಗೂಟವಿದ್ದರೆ ತಾನೆ ಅಂಗಿಯನ್ನು ತೂಗುಹಾಕುವುದು? ಕೆಂಪು ರಕ್ತಕಣದ ಮೇಲ್ಮೈಯಲ್ಲಿ 'ಎಚ್' ಎಂಬ ಸಕ್ಕರೆಯ ರಚನೆಯೊಂದಿದೆ. ಅದೇ ಗೂಟ. ಎ ವರ್ಗದವರಲ್ಲಿ ಈ ಗೂಟಕ್ಕೆ ಒಂದು ಬಗೆಯ ಸಕ್ಕರೆಯೂ, ಬಿ ವರ್ಗದವರಲ್ಲಿ ಇನ್ನೊಂದು ಬಗೆಯದೂ ತಗುಲಿಕೊಳ್ಳುತ್ತವೆ. ಓ ವರ್ಗದವರಲ್ಲಿ ಗೂಟ ಬರಿದಾಗಿರುತ್ತದೆ. ಬಾಂಬೆ ವರ್ಗದವರಲ್ಲಾದರೋ ಗೂಟವೇ ಇಲ್ಲ. ಎಚ್ ವಸ್ತುವಿನ ರಚನೆಗೆ ಕಾರಣವಾದ ವಂಶವಾಹಿ 19ನೆಯ ವರ್ಣತಂತುವಿನಲ್ಲಿದೆ. ಅದು ತಂದೆತಾಯಿ ಇಬ್ಬರ ಕಡೆಯಿಂದಲೂ ದೋಷಯುಕ್ತವಾಗಿ ಬಂದಾಗ ಈ ಸ್ಥಿತಿ ಉಂಟಾಗುತ್ತದೆ.

ಇದು ರೋಗವಲ್ಲ. ಇಂಥವರು ಎಲ್ಲರಂತೆ ಆರೋಗ್ಯವಾಗಿಯೇ ಬಾಳುತ್ತಾರೆ. ಆದರೆ ಅವರ ದೇಹಕ್ಕೆ ಎಚ್ ಅಪರಿಚಿತವಾದುದರಿಂದ ಅದನ್ನು ಎದುರಿಸುವ ಪ್ರತಿಕಾಯಗಳು ರಕ್ತದಲ್ಲಿ ಸಿದ್ಧವಾಗಿರುತ್ತವೆ. ಓ ವರ್ಗದ ಕಣಗಳಲ್ಲಿ ಎಚ್ ಎಲ್ಲರಿಗಿಂತ ಹೆಚ್ಚು. ಆದ್ದರಿಂದ ಅನ್ಯರಿಗೆ ಸಂಜೀವಿನಿಯಾದ ಓ ರಕ್ತವೇ ಇವರಿಗೆ ವಿಷಪ್ರಾಯ. ಕೊಟ್ಟ ಕಣಗಳು ನಾಳದಲ್ಲಿಯೇ ಒಡೆದು, ಚಳಿಜ್ವರ ಬಂದು, ಮೂತ್ರಪಿಂಡಗಳು ಕೆಟ್ಟು, ಸಾವೂ ಸಂಭವಿಸಬಹುದು. ಇವರಿಗೆ ಒಗ್ಗುವುದು ಬಾಂಬೆ ವರ್ಗದ ರಕ್ತವೊಂದೇ.

ನಾನೂರು ಜನ ಎಲ್ಲಿದ್ದಾರೆ?

ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರಂತೆ ಕಾಣುವ ಈ ವರ್ಗ ಮುಂಬಯಿಯ ಸುತ್ತಮುತ್ತ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದೆಯೆಂದು ಅಂದಾಜು. 2011ರ ಜನಗಣತಿಯಂತೆ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಈ ಮೂರು ಮಹಾನಗರಪಾಲಿಕೆಗಳ ಜನಸಂಖ್ಯೆ ಒಟ್ಟು 42 ಲಕ್ಷ. ಲೆಕ್ಕ ಹಾಕಿದರೆ, ಬಾಂಬೆ ವರ್ಗದವರು ಇಲ್ಲಿಯೇ ನಾನೂರಕ್ಕೂ ಹೆಚ್ಚು ಮಂದಿ ಇರಬೇಕಾಯಿತು. ಇವರಲ್ಲಿ ಎಷ್ಟು ಜನ 'ಓ' ಎಂದು ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಓಡಾಡುತ್ತಿರಬಹುದು? ಅದೇ ಚಿಂತೆಯ ವಿಷಯ.

ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತವಿಟ್ಟು ಮಾಡುವ ಅವಸರದ ಪರೀಕ್ಷೆಯಲ್ಲಿ ಬಾಂಬೆ ವರ್ಗ ಓ ಎಂದೇ ಕಾಣುತ್ತದೆ. ವ್ಯಕ್ತಿಯ ರಕ್ತದ್ರವವನ್ನು ತಿಳಿದ ಎ, ಬಿ ಹಾಗೂ ಓ ಕಣಗಳೊಡನೆ ಬೆರೆಸಿ ನೋಡುವ ವಿಲೋಮ ಪರೀಕ್ಷೆಯಿಂದ ಮಾತ್ರ ನಿಜ ಹೊರಬೀಳುತ್ತದೆ. ಓ ಕಣಗಳೂ ಗರಣೆಗಟ್ಟಿದರೆ ಸಂದೇಹಕ್ಕೆ ಕಾರಣವಿದೆಯೆಂದೇ ಅರ್ಥ. ಯುರೋಪಿನ ಒಂದು ಮುಳ್ಳುಗಿಡದ ಬೀಜದಿಂದ ತೆಗೆದ ದ್ರಾವಣವೊಂದು ಎಚ್ ಇರುವ ಕಣಗಳನ್ನು ಮಾತ್ರ ಗರಣೆಗಟ್ಟಿಸುತ್ತದೆ. ಅದರಿಂದ ಸಂದೇಹವನ್ನು ನಿವಾರಿಸಿಕೊಳ್ಳಬಹುದು.

ಸಂಸಾರದೊಳಗಿನ ಲೆಕ್ಕ

ಈ ದೋಷದ ಒಂದೊಂದು ಪ್ರತಿಯನ್ನು ಹೊತ್ತ ದಂಪತಿಗಳ ರಕ್ತ ನೋಡಲು ಸಾಮಾನ್ಯವೇ. ಆದರೆ ಅವರ ಪ್ರತಿಯೊಂದು ಮಗುವಿಗೂ ಬಾಂಬೆ ವರ್ಗ ಬರುವ ಸಂಭವ ನಾಲ್ಕರಲ್ಲಿ ಒಂದು. ಕನ್ನಡ ನಾಡಿನಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಸಂಪ್ರದಾಯ ಅನೇಕ ಮನೆತನಗಳಲ್ಲಿ ನಡೆದುಬಂದಿದೆ. ಇವರಿಬ್ಬರಲ್ಲಿ ವಂಶವಾಹಿಗಳ ಸರಾಸರಿ ನಾಲ್ಕನೆಯ ಒಂದು ಪಾಲು ಸಮಾನವಾಗಿರುತ್ತದೆ. ಅತ್ತೆಯ ಮಗ, ಮಾವನ ಮಗಳಲ್ಲಿ ಎಂಟನೆಯ ಒಂದು ಪಾಲು. ಒಂದೇ ಅಪರೂಪದ ದೋಷ ಎರಡು ಕಡೆಯಿಂದ ಕೂಡಿಬರುವ ಸಂಭವ ಇಲ್ಲಿ ಹೆಚ್ಚು. ಹಿರಿಯರ ಸಂಪ್ರದಾಯವನ್ನು ಹಳಿಯುವುದಕ್ಕಾಗಿ ಈ ಮಾತಲ್ಲ, ತಿಳಿದು ನಡೆಯುವುದಕ್ಕಾಗಿ.

ಇನ್ನೊಂದು ಸೂಕ್ಷ್ಮವೂ ಉಂಟು. ಬಾಂಬೆ ವರ್ಗದ ತಾಯಿಯಲ್ಲಿ ಬಿ ವಂಶವಾಹಿ ಹುದುಗಿರಬಹುದು. ಗೂಟವಿಲ್ಲದ ಕಾರಣ ಅದು ಪ್ರಕಟವಾಗದೆ, ಆಕೆ ಓ ಎನಿಸಿಕೊಳ್ಳುತ್ತಾಳೆ. ತಂದೆಯಿಂದ ಎಚ್ ಮತ್ತು ಎ ಪಡೆದ ಆಕೆಯ ಮಗು ಎಬಿ ಆಗಿ ಹುಟ್ಟಬಹುದು. ಓ ವರ್ಗದ ತಾಯಿಗೆ ಎಬಿ ಮಗುವೆ ಎಂದು ಅರೆತಿಳಿದವರು ಹುಬ್ಬೇರಿಸಿದರೆ ಒಂದು ಸಂಸಾರದ ನೆಮ್ಮದಿಯೇ ಕೆಟ್ಟೀತು. ಅಂತಹ ಸಂದರ್ಭದಲ್ಲಿ ಆಡಿಕೊಳ್ಳುವುದಕ್ಕೆ ಮುಂಚೆ ಪ್ರಯೋಗಶಾಲೆಗೆ ಹೋಗುವುದು ವಿವೇಕ.

ಕೋಲಾರದಿಂದ ಬಂದ ಸುದ್ದಿ

ಅಪೂರ್ವ ರಕ್ತಗಳ ಕಥೆ ಬಾಂಬೆ ವರ್ಗಕ್ಕೆ ಮುಗಿಯಲಿಲ್ಲ. 2025ರಲ್ಲಿ ಕೋಲಾರ ಸೀಮೆಯ ಮಹಿಳೆಯೊಬ್ಬರ ವಿಷಯ ಜಗತ್ತಿನ ಗಮನ ಸೆಳೆಯಿತು. ಹೃದಯದ ಶಸ್ತ್ರಕ್ರಿಯೆಗೆ ಸಿದ್ಧರಾಗಿದ್ದ ಅವರದು ಓ ಪಾಸಿಟಿವ್. ಆದರೂ ಯಾರ ಓ ರಕ್ತವೂ ಒಗ್ಗಲಿಲ್ಲ. ಬೆಂಗಳೂರಿನ ರೋಟರಿ-ಟಿಟಿಕೆ ರಕ್ತಕೇಂದ್ರದವರು ಬಂಧುಗಳಲ್ಲಿ ಇಪ್ಪತ್ತು ಮಂದಿಯ ರಕ್ತವನ್ನು ಪರೀಕ್ಷಿಸಿದರು, ಒಬ್ಬರದೂ ಹೊಂದಲಿಲ್ಲ. ವೈದ್ಯರು ಹೊರಗಿನ ರಕ್ತವನ್ನೇ ಕೊಡದೆ ಎಚ್ಚರಿಕೆಯಿಂದ ಶಸ್ತ್ರಕ್ರಿಯೆ ಮಾಡಿ ಮುಗಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್ ಪ್ರಯೋಗಶಾಲೆಯಲ್ಲಿ ತಿಂಗಳುಗಟ್ಟಲೆ ನಡೆದ ಪರಿಶೀಲನೆಯ ನಂತರ, ಕ್ರೋಮರ್ ಎಂಬ ರಕ್ತವ್ಯವಸ್ಥೆಗೆ ಸೇರಿದ ಹೊಸ ಪ್ರತಿಜನಕವೊಂದು ಇದಕ್ಕೆ ಕಾರಣವೆಂದು ತಿಳಿದುಬಂದಿತು. ಕ್ರೋಮರ್, ಇಂಡಿಯಾ, ಬೆಂಗಳೂರು ಎಂಬ ಹೆಸರುಗಳ ಮೊದಲ ಅಕ್ಷರಗಳಿಂದ ಅದಕ್ಕೆ 'ಕ್ರಿಬ್' ಎಂದು ನಾಮಕರಣವಾಯಿತು.

ಮುಂಜಾಗ್ರತೆಯೇ ಠೇವಣಿ

ರಕ್ತನಿಧಿಯಲ್ಲಿಟ್ಟ ಕೆಂಪುಕಣಗಳು ಸಾಮಾನ್ಯ ಶೈತ್ಯದಲ್ಲಿ ಐದಾರು ವಾರಗಳಿಗಿಂತ ಹೆಚ್ಚು ಉಳಿಯವು. ಹಣದಂತೆ ಅದನ್ನು ದೀರ್ಘಾವಧಿಯ ಠೇವಣಿಯಾಗಿ ಇಡಲು ಬಾರದು. ಆದ್ದರಿಂದ ಅಪೂರ್ವ ವರ್ಗದ ದಾನಿಯ ಹೆಸರು, ವಿಳಾಸಗಳೇ ನಿಜವಾದ ಠೇವಣಿ. ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಇಂತಹ ದಾನಿಗಳ ನೋಂದಣಿಯಲ್ಲಿ ತೊಡಗಿದೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಾಂಬೆ ವರ್ಗದವರನ್ನು ಒಂದುಗೂಡಿಸಲು ಶ್ರಮಿಸಿದೆ.

ಓ ಎಂದು ಚೀಟಿ ಪಡೆದವರು ಮಾನ್ಯತೆ ಪಡೆದ ರಕ್ತಕೇಂದ್ರದಲ್ಲಿ ವಿಲೋಮ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು. ಗರ್ಭಿಣಿಯರೂ, ಶಸ್ತ್ರಕ್ರಿಯೆಯ ದಿನ ಗೊತ್ತಾದವರೂ ಕೊನೆಯ ಗಳಿಗೆಗೆ ಬಿಡದೆ ಮೊದಲೇ ಇದನ್ನು ಮಾಡಿಸಬೇಕು. ಮನೆಯಲ್ಲಿ ಒಬ್ಬರದು ಬಾಂಬೆ ವರ್ಗವೆಂದು ತಿಳಿದರೆ ಒಡಹುಟ್ಟಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಅದೇ ರಕ್ತ ದೊರೆಯುವ ಸಂಭವ ಎಲ್ಲರಿಗಿಂತ ಹೆಚ್ಚಾಗಿ ಅವರಲ್ಲಿಯೇ. ರಕ್ತಸಂಬಂಧವೆಂಬ ಹಳೆಯ ಮಾತು ಅಲ್ಲಿ ಅಕ್ಷರಶಃ ಸತ್ಯವಾಗುತ್ತದೆ. ಆದರೆ ಆ ಸತ್ಯ ಆಪತ್ತಿನ ರಾತ್ರಿಯಲ್ಲಲ್ಲ, ಅದಕ್ಕೆ ಮುಂಚೆಯೇ ತಿಳಿದಿರಬೇಕು.