ಬಡಿದರೆ ಬೆಂಕಿ! – ಕೇಪಿನ ಪಿಸ್ತೂಲಿನ ಕಥೆ

ದೀಪಾವಳಿ ಬಂತೆಂದರೆ ಅಂಗಡಿಗಳಲ್ಲಿ ಆಟದ ಪಿಸ್ತೂಲು, ಕೇಪಿನ ಸುರುಳಿಗಳು ಕಾಣಿಸುತ್ತವೆ. ಟ್ರಿಗರ್ ಎಳೆದೊಡನೆ 'ಟಪ್' ಎಂಬ ಸದ್ದು. ಜೊತೆಗೆ ಒಂದಿಷ್ಟು ಹೊಗೆ. ಇಲ್ಲಿ ಯಾರೂ ಬೆಂಕಿಕಡ್ಡಿ ಗೀರಲಿಲ್ಲ. ಬತ್ತಿಗೆ ಬೆಂಕಿ ಹಚ್ಚಲಿಲ್ಲ. ಕೇಪಿನ ಮೇಲೆ ಒಂದು ಪುಟ್ಟ ಪೆಟ್ಟು ಬಿತ್ತು, ಅಷ್ಟೆ. ಹಾಗಾದರೆ ಬೆಂಕಿ ಎಲ್ಲಿಂದ ಬಂತು?

ಸುಮಾರು 200 ವರ್ಷಗಳ ಹಿಂದೆ ಇದೇ ಪ್ರಶ್ನೆಯ ಉತ್ತರ ಬಂದೂಕುಗಳ ರೂಪವನ್ನೇ ಬದಲಿಸಿತು. ಆ ಕಥೆಯನ್ನು ತಿಳಿಯೋಣ ಬನ್ನಿ.

ಕಲ್ಲಿನ ಕಿಡಿಯ ಕಾಲ

ಟಿಪ್ಪು ಸುಲ್ತಾನನ ಹೆಸರು ನಿಮಗೆ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಅವನು ಮಡಿದ. ಅವನ ಕಾಲದ ಬಂದೂಕು, ಪಿಸ್ತೂಲುಗಳಲ್ಲಿ ಚಕಮಕಿ ಕಲ್ಲು ಇರುತ್ತಿತ್ತು. ಟ್ರಿಗರ್ ಎಳೆದಾಗ ಕಲ್ಲು ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಹಾರಿಸುತ್ತಿತ್ತು. ಕಿಡಿ ಪಕ್ಕದ ಪುಟ್ಟ ಬಟ್ಟಲಿನಲ್ಲಿದ್ದ ಮದ್ದಿನ ಮೇಲೆ ಬೀಳುತ್ತಿತ್ತು. ಆ ಮದ್ದು ಭಗ್ಗೆಂದು ಉರಿದು, ಒಂದು ರಂಧ್ರದ ಮೂಲಕ ಬೆಂಕಿ ನಳಿಗೆಯೊಳಕ್ಕೆ ನುಗ್ಗುತ್ತಿತ್ತು. ಆಮೇಲೆ ಒಳಗಿನ ಮದ್ದು ಸಿಡಿದು ಗುಂಡು ಹೊರಗೆ ಹಾರುತ್ತಿತ್ತು.

ಇದರಲ್ಲಿ ತೊಂದರೆಗಳು ಹಲವು. ಮಳೆ ಬಂದರೆ ಬಟ್ಟಲಿನ ಮದ್ದು ಒದ್ದೆ. ಗಾಳಿ ಬೀಸಿದರೆ ಮದ್ದು ಚೆಲ್ಲಾಪಿಲ್ಲಿ. ಕಲ್ಲು ಸವೆದರೆ ಕಿಡಿಯೇ ಇಲ್ಲ. ಎಲ್ಲವೂ ಸರಿಯಿದ್ದರೂ ಟ್ರಿಗರ್ ಎಳೆಯುವುದಕ್ಕೂ ಗುಂಡು ಹಾರುವುದಕ್ಕೂ ನಡುವೆ ಒಂದು ಚಿಕ್ಕ ಅಂತರ ಇದ್ದೇ ಇರುತ್ತಿತ್ತು.

ಹಕ್ಕಿಗಳು ಕಲಿಸಿದ ಪಾಠ

ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಜಾನ್ ಫೋರ್ಸಿತ್ ಎಂಬ ಪಾದ್ರಿ ಇದ್ದರು. ಅವರಿಗೆ ಹಕ್ಕಿ ಬೇಟೆಯ ಹವ್ಯಾಸ, ರಸಾಯನಶಾಸ್ತ್ರದಲ್ಲೂ ಆಸಕ್ತಿ. ಗುರಿಯಿಟ್ಟು ಹೊಡೆದರೂ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದವು. ಏಕೆಂದು ಗಮನಿಸಿದಾಗ ಕಾರಣ ಹೊಳೆಯಿತು. ಬಟ್ಟಲಿನ ಮದ್ದು ಹೊತ್ತಿದ ಬೆಳಕು ಹಕ್ಕಿಗೆ ಮೊದಲೇ ಕಾಣುತ್ತಿತ್ತು. ಗುಂಡು ಬರುವಷ್ಟರಲ್ಲಿ ಅದು ಹಾರಿಬಿಡುತ್ತಿತ್ತು!

ಬೆಳಕು ಕಾಣದಂತೆ, ತಡವಾಗದಂತೆ ಮದ್ದಿಗೆ ಬೆಂಕಿ ಮುಟ್ಟಿಸುವುದು ಹೇಗೆ? ಪೆಟ್ಟು ಬಿದ್ದರೆ ಸಿಡಿಯುವ ಕೆಲವು ವಸ್ತುಗಳು ಆಗಲೇ ವಿಜ್ಞಾನಿಗಳಿಗೆ ಗೊತ್ತಿದ್ದವು. 1800ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ ಪಾದರಸದ ಫಲ್ಮಿನೇಟ್ ಎಂಬ ವಸ್ತುವಿನ ಬಗ್ಗೆ ಬರೆದಿದ್ದರು. ಅದರ ಪ್ರಯೋಗಗಳಲ್ಲಿ ಅವರೇ ಗಾಯಗೊಂಡಿದ್ದರು. ಇಂಥ ವಸ್ತುವನ್ನು ಬಂದೂಕಿನ ಮದ್ದಾಗಿ ಬಳಸಿದರೆ ನಳಿಗೆಯೇ ಒಡೆದುಹೋಗುತ್ತದೆ. ಫೋರ್ಸಿತ್ ಬೇರೆ ರೀತಿ ಯೋಚಿಸಿದರು. ಗುಂಡನ್ನು ತಳ್ಳಲು ಹಳೆಯ ಮದ್ದೇ ಇರಲಿ. ಅದಕ್ಕೆ ಬೆಂಕಿ ಮುಟ್ಟಿಸಲು ಮಾತ್ರ ಪೆಟ್ಟಿಗೆ ಸಿಡಿಯುವ ಪುಡಿ ಒಂದು ಚಿಟಿಕೆ ಸಾಕು!

1807ರಲ್ಲಿ ಅವರು ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಪುಡಿಯನ್ನಿಡಲು ಅವರು ಮಾಡಿದ ಭಾಗ ಅತ್ತರಿನ ಶೀಶೆಯಂತೆ ಕಾಣುತ್ತಿದ್ದುದರಿಂದ ಜನ ಅದನ್ನು 'ಅತ್ತರಿನ ಶೀಶೆ' ಎಂದೇ ಕರೆದರು.

ಪೆಟ್ಟಿನಿಂದ ಬೆಂಕಿ ಹೇಗೆ?

ಸುತ್ತಿಗೆ ಬೀಸಿದಾಗ ಅದಕ್ಕೆ ಚಲನೆಯ ಶಕ್ತಿ ಇರುತ್ತದೆ. ಪೆಟ್ಟು ಬಿದ್ದು ಸುತ್ತಿಗೆ ನಿಂತಾಗ ಆ ಶಕ್ತಿ ಮಾಯವಾಗುವುದಿಲ್ಲ. ಸ್ವಲ್ಪ ಸದ್ದಾಗುತ್ತದೆ, ಹೆಚ್ಚಿನ ಪಾಲು ಶಾಖವಾಗುತ್ತದೆ. ಪುಡಿಯ ಕಣಗಳು ಒಂದಕ್ಕೊಂದು ಉಜ್ಜುತ್ತವೆ. ಅವುಗಳ ನಡುವೆ ಸಿಕ್ಕ ಗಾಳಿಯ ಗುಳ್ಳೆಗಳು ಥಟ್ಟನೆ ಒತ್ತಲ್ಪಟ್ಟು ಬಿಸಿಯಾಗುತ್ತವೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಇದೂ ಹಾಗೆಯೇ.

ಹೀಗೆ ಪುಡಿಯೊಳಗೆ ಅಲ್ಲಲ್ಲಿ ಸೂಜಿಮೊನೆಗಿಂತ ಚಿಕ್ಕದಾದ 'ಬಿಸಿ ಚುಕ್ಕೆ'ಗಳು ಹುಟ್ಟುತ್ತವೆ. ಕಲ್ಲು, ಮಣ್ಣಿಗೆ ಇದರಿಂದ ಏನೂ ಆಗದು. ಆದರೆ ಫಲ್ಮಿನೇಟ್‌ನಂಥ ವಸ್ತುವಿಗೆ ಅಷ್ಟೇ ಶಾಖ ಸಾಕು. ಒಂದು ಕಣ ಸಿಡಿದರೆ ಅದರ ಶಾಖದಿಂದ ಪಕ್ಕದ್ದು, ಅದರಿಂದ ಮತ್ತೊಂದು – ಕಣ್ಣು ಮಿಟುಕಿಸುವ ಮೊದಲೇ ಎಲ್ಲವೂ ಸಿಡಿದಿರುತ್ತವೆ.

ತಾಮ್ರದ ಟೊಪ್ಪಿಗೆ

ಪುಡಿಯನ್ನು ಹಾಗೇ ಬಳಸುವುದು ಕಷ್ಟ, ಅಪಾಯ ಕೂಡ. ಆದ್ದರಿಂದ ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಪುಡಿಯನ್ನು ಅಂಟಿಸಿಡುವ ವಿಧಾನ ಬಂತು. ಇದೇ ಕೇಪು. ಇದನ್ನು ಮೊದಲು ಮಾಡಿದವನು ನಾನೇ ಎಂದು ಹಲವರು ಹೇಳಿಕೊಂಡರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಚಿತ್ರಕಾರ ಜೋಶುವಾ ಶಾ ಅವರಲ್ಲೊಬ್ಬರು. ಅವರಿಗೆ 1822ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ನಳಿಗೆಯ ಹಿಂಭಾಗದಲ್ಲಿ ತೂತಿರುವ ಪುಟ್ಟ ಮೊನೆಯೊಂದು ಇರುತ್ತಿತ್ತು. ಅದಕ್ಕೆ ಕೇಪನ್ನು ಟೊಪ್ಪಿಗೆಯಂತೆ ತೊಡಿಸುತ್ತಿದ್ದರು. ಟ್ರಿಗರ್ ಎಳೆದಾಗ 'ಕುದುರೆ' ಎಂಬ ಸುತ್ತಿಗೆ ಬಂದು ಬಡಿಯುತ್ತಿತ್ತು. ಕೇಪು ಸಿಡಿದು ಬೆಂಕಿ ನೇರವಾಗಿ ಒಳಗಿನ ಮದ್ದಿಗೆ ತಗಲುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಹಿರಿಯರು 'ಕೇಪಿನ ಕೋವಿ' ಎನ್ನುವುದು ಇಂಥ ಬಂದೂಕನ್ನೇ.

ಈಗ ಒಂದು ಲೆಕ್ಕ. 1834ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ಎರಡೂ ಬಗೆಯ ಬಂದೂಕುಗಳಿಂದ 6,000 ಸಲ ಹೊಡೆದು ಪರೀಕ್ಷಿಸಿದರು. ಕಲ್ಲಿನ ಬಂದೂಕುಗಳು 922 ಸಲ ಹಾರಲಿಲ್ಲ. ಕೇಪಿನವು 36 ಸಲ ಮಾತ್ರ ಕೈಕೊಟ್ಟವು. ಪ್ರತಿ 1,000ಕ್ಕೆ ಎಷ್ಟೆಷ್ಟಾಯಿತು? ನೀವೇ ಲೆಕ್ಕ ಮಾಡಿ. ಸೇನೆಗಳು ಕಲ್ಲನ್ನು ಬಿಟ್ಟು ಕೇಪನ್ನು ಏಕೆ ಆರಿಸಿಕೊಂಡವೆಂದು ತಿಳಿಯುತ್ತದೆ.

ವಿಚಿತ್ರ ಪಿಸ್ತೂಲುಗಳು

ಬಟ್ಟಲು, ಕಲ್ಲು, ಉಕ್ಕಿನ ಪಟ್ಟಿ ಎಲ್ಲ ಹೋಗಿ ಒಂದು ಪುಟ್ಟ ಕೇಪು ಉಳಿದಾಗ ಪಿಸ್ತೂಲನ್ನು ಹೇಗೆ ಬೇಕಾದರೂ ಮಾಡಬಹುದಾಯಿತು. ಆದರೆ ಒಂದು ಕೊರತೆ ಹಾಗೇ ಇತ್ತು. ಒಂದು ಸಲ ಹೊಡೆದ ಮೇಲೆ ಮತ್ತೆ ಮದ್ದು, ಗುಂಡು ತುಂಬಬೇಕು. ಇದನ್ನು ಬಿಡಿಸಲು ಜನ ಏನೇನೋ ಮಾಡಿ ನೋಡಿದರು.

ಮೆಣಸಿನ ಡಬ್ಬಿ: ಐದಾರು ನಳಿಗೆಗಳನ್ನು ಒಂದು ಕಟ್ಟಾಗಿ ಸೇರಿಸಿದ ಪಿಸ್ತೂಲು. ಮುಂದಿನಿಂದ ನೋಡಿದರೆ ಮೆಣಸಿನಪುಡಿ ಉದುರಿಸುವ ತೂತುಗಳ ಡಬ್ಬಿಯಂತೆ ಕಾಣುವುದರಿಂದ ಈ ಹೆಸರು. 1837ರಲ್ಲಿ ಅಮೆರಿಕದ ಈಥನ್ ಆಲೆನ್ ಇದರ ಒಂದು ಮಾದರಿಗೆ ಪೇಟೆಂಟ್ ಪಡೆದರು. ಟ್ರಿಗರ್ ಎಳೆದಂತೆ ನಳಿಗೆಗಳ ಕಟ್ಟು ತಿರುಗುತ್ತಿತ್ತು. ಆದರೆ ಮುಂಭಾಗ ಬಲು ಭಾರ, ಗುರಿಯಿಡುವುದು ಕಷ್ಟ.

ಕತ್ತಿ ಪಿಸ್ತೂಲು: ಜಾರ್ಜ್ ಎಲ್ಜಿನ್ ಎಂಬುವರು ನಳಿಗೆಯ ಕೆಳಗೆ ಅಗಲವಾದ ಕತ್ತಿಯನ್ನೇ ಜೋಡಿಸಿದರು. 1838ರಲ್ಲಿ ಹೊರಟ ಅಮೆರಿಕದ ಸಮುದ್ರ ಅನ್ವೇಷಣಾ ತಂಡಕ್ಕಾಗಿ ಇಂಥ 150 ಪಿಸ್ತೂಲುಗಳನ್ನು ಮಾಡಿಸಿದ್ದರು.

ಚಕ್ರದ ಪಿಸ್ತೂಲು: ಜಾನ್ ಕಾಕ್ರನ್ ಎಂಬುವರು ಮದ್ದು, ಗುಂಡುಗಳನ್ನು ಮಲಗಿಸಿದ ಚಕ್ರದ ಸುತ್ತ ಜೋಡಿಸಿದರು, ಗಾಡಿಚಕ್ರದ ಅರೆಕಾಲುಗಳಂತೆ. ಇದರಲ್ಲಿ ಒಂದು ದೊಡ್ಡ ದೋಷವಿದೆ. ಚಿತ್ರ ಬರೆದು ಯೋಚಿಸಿ... ಗೊತ್ತಾಯಿತೆ? ಒಂದು ಗುಂಡು ಮುಂದಕ್ಕೆ ಮುಖ ಮಾಡಿದ್ದರೆ ಇನ್ನೊಂದು ಹೊಡೆಯುವವನ ಕಡೆಗೇ ಮುಖ ಮಾಡಿರುತ್ತದೆ! ಬೆಂಕಿ ಪಕ್ಕಕ್ಕೆ ಹರಡಿದರೆ ಗತಿಯೇನು? ಇದು ಜನಪ್ರಿಯವಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಲೆಮಾ ರಿವಾಲ್ವರ್: 1856ರಲ್ಲಿ ಪೇಟೆಂಟ್ ಆದ ಇದರಲ್ಲಿ ಎರಡು ನಳಿಗೆಗಳು. ಒಂದರಿಂದ ಒಂಬತ್ತು ಗುಂಡುಗಳು. ಅದರ ಕೆಳಗಿನ ದಪ್ಪ ನಳಿಗೆಯಿಂದ ಒಂದೇ ಸಲಕ್ಕೆ ಹಿಡಿಯಷ್ಟು ಚಿಲ್ಲರೆ ಗುಂಡುಗಳು.

ಇವುಗಳ ನಡುವೆ ಉಳಿದುಕೊಂಡ ಉಪಾಯ ಯಾವುದು? 1836ರಲ್ಲಿ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಪೇಟೆಂಟ್ ಪಡೆದ ರಿವಾಲ್ವರ್. ನಳಿಗೆ ಒಂದೇ, ಹಿಂದಿನ ಗುಂಡಿನ ಉರುಳೆ ಮಾತ್ರ ತಿರುಗುತ್ತದೆ. ಭಾರ ಕಡಿಮೆ, ಎಲ್ಲ ಗುಂಡುಗಳ ಮುಖವೂ ಮುಂದಕ್ಕೆ. ಸರಳವಾದದ್ದೇ ಗೆದ್ದಿತು.

ಇನ್ನೊಂದು ಮುಖ

ಸಾಧನ ಚುರುಕಾದಷ್ಟೂ ಅದರ ಅಪಾಯವೂ ಹೆಚ್ಚು. 1865ರ ಏಪ್ರಿಲ್ 14ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ನಾಟಕ ನೋಡುತ್ತಿದ್ದರು. ಕೊಲೆಗಾರನ ಕೈಯಲ್ಲಿದ್ದುದು ಜೇಬಿನಲ್ಲಿ ಅಡಗುವಷ್ಟು ಚಿಕ್ಕದಾದ, ಒಂದೇ ಗುಂಡಿನ, ಕೇಪಿನ ಪಿಸ್ತೂಲು. ಗುಂಡೇಟಿಗೆ ಲಿಂಕನ್ ಮರುದಿನ ಬೆಳಿಗ್ಗೆ ತೀರಿಕೊಂಡರು. ವಾಷಿಂಗ್ಟನ್ನಿನ ಆ ನಾಟಕಶಾಲೆಯ ವಸ್ತುಸಂಗ್ರಹಾಲಯದಲ್ಲಿ ಆ ಪಿಸ್ತೂಲು ಈಗಲೂ ಇದೆ. ಹಕ್ಕಿ ಬೇಟೆಗೆಂದು ಹುಟ್ಟಿದ ಉಪಾಯ ಎಲ್ಲಿಗೆ ಬಂದು ಮುಟ್ಟಿತು ನೋಡಿ. ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿಜ್ಞಾನ ಹೇಳುತ್ತದೆ. ಅದನ್ನು ಯಾವುದಕ್ಕೆ ಬಳಸಬೇಕು ಎಂಬುದು ಮನುಷ್ಯನಿಗೆ ಬಿಟ್ಟದ್ದು.

ಮುಂದೆ ಗುಂಡು, ಮದ್ದು, ಕೇಪು ಮೂರನ್ನೂ ಒಂದೇ ಲೋಹದ ಕವಚದಲ್ಲಿ ಸೇರಿಸಿದ ತೋಟಾಗಳು ಬಂದವು. ಕೇಪಿನ ಪಿಸ್ತೂಲುಗಳು ಮೂಲೆ ಸೇರಿದವು. ಆದರೆ ಪೆಟ್ಟಿನಿಂದ ಬೆಂಕಿ ಎಂಬ ತತ್ತ್ವ ತೋಟಾದ ಬುಡದಲ್ಲಿ ಇಂದಿಗೂ ಉಳಿದಿದೆ.

ಎಚ್ಚರ!

ಹಳೆಯ ಕೋವಿ ಎಲ್ಲಾದರೂ ಕಂಡರೆ ಮುಟ್ಟಬೇಡಿ. ತೇವ ತಗಲದ ಮದ್ದು ನೂರು ವರ್ಷವಾದರೂ ಕೆಡದು. ಒಳಗೆ ಮದ್ದು, ಗುಂಡು ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯದು. ಕೂಡಲೇ ಹಿರಿಯರಿಗೆ ಹೇಳಿ. ದೀಪಾವಳಿಯ ಕೇಪುಗಳನ್ನು ಒಟ್ಟುಗೂಡಿಸಿ ಜಜ್ಜುವುದು, ಅವುಗಳ ಮದ್ದನ್ನು ಕೆರೆದು ತೆಗೆಯುವುದು ಬೇಡವೇ ಬೇಡ. ಕಣ್ಣು, ಬೆರಳುಗಳು ಹೋದರೆ ಮತ್ತೆ ಬರುವುದಿಲ್ಲ.

ಮಾಡಿ ನೋಡಿ

ಒಂದು ದಪ್ಪ ಕಬ್ಬಿಣದ ತಂತಿಯನ್ನು ಗಟ್ಟಿ ಕಲ್ಲಿನ ಮೇಲಿಡಿ. ನಿಮ್ಮ ಶಿಕ್ಷಕರು ಅದರ ತುದಿಯನ್ನು ಸುತ್ತಿಗೆಯಿಂದ ಬಿರುಸಾಗಿ 20–30 ಸಲ ಬಡಿಯಲಿ. ಬಡಿದ ತುದಿಯನ್ನೂ ಬಡಿಯದ ತುದಿಯನ್ನೂ ಮೆಲ್ಲನೆ ಮುಟ್ಟಿ ನೋಡಿ. ಯಾವುದು ಬೆಚ್ಚಗಿದೆ? ಆ ಶಾಖ ಎಲ್ಲಿಂದ ಬಂತು? ನಿಮ್ಮ ಉತ್ತರವನ್ನು ವಿಜ್ಞಾನದ ಪುಸ್ತಕದಲ್ಲಿ ಬರೆಯಿರಿ.