ಬಜ್ಪೆಗೆ ಡಕೋಟಾ ಇಳಿಸುವ ವಿದ್ಯೆ

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರಿದ್ದ ಡಗ್ಲಾಸ್ ಡಿಸಿ-3 ವಿಮಾನ ಬಜ್ಪೆಯ ಗುಡ್ಡದ ಮೇಲೆ ಇಳಿಯುವುದರೊಂದಿಗೆ ಮಂಗಳೂರಿನ ವಿಮಾನ ನಿಲ್ದಾಣ ಶುರುವಾಯಿತು. ಡಕೋಟಾ ಎಂದೇ ನಮ್ಮಲ್ಲಿ ಹೆಸರಾದ ಆ ವಿಮಾನವಾಗಲಿ, ಅದರ ನಂತರ ಬಂದ, ಕಾನ್ಪುರದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾದ ಆವ್ರೋ ಆಗಲಿ ಇವತ್ತು ಇಲ್ಲಿಗೆ ಪ್ರಯಾಣಿಕರನ್ನು ತರುವುದಿಲ್ಲ. ಆದರೆ ಅವನ್ನು ಹಾರಿಸುವ ವಿದ್ಯೆ ಉಳಿದುಕೊಂಡಿದೆ, ಅದೂ ಮನೆಯ ಕಂಪ್ಯೂಟರಿನಲ್ಲಿ. ಹಳೆಯ, ಜಟಿಲವಾದ ಪ್ರಯಾಣಿಕ ವಿಮಾನವೊಂದನ್ನು ಸಿಮ್ಯುಲೇಟರಿನಲ್ಲಿ ಶುರುವಿನಿಂದ ಕೊನೆಯವರೆಗೆ ಕಲಿಯುವ ಈ ಹವ್ಯಾಸವನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಬಹಳ. ಎತ್ತರ ಮತ್ತು ವೇಗದ ಲೆಕ್ಕವನ್ನು ಸ್ವಂತ ತಲೆಯಲ್ಲಿ ಹಾಕಲು ಕಲಿಸುವ ಗಟ್ಟಿ ಶಿಕ್ಷಣ ಇದು ಎಂಬುದು ನನ್ನ ವಾದ. ಗುಡ್ಡದ ತಲೆ ಸವರಿ ರನ್‌ವೇ ಹಾಸಿದ ಊರಿನವರಿಗೆ ಆ ಲೆಕ್ಕದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ನೆಲ ಬಿಡದೆ ಹಾರಾಟ ಕಲಿಸುವ ಯಂತ್ರ ಹೊಸದೇನಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಅವರ ತಂದೆಗೆ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಂಪನಿ ಇತ್ತು. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ, ಎಡಕ್ಕೂ ಬಲಕ್ಕೂ ವಾಲುವ ಪುಟ್ಟ ಕಾಕ್‌ಪಿಟ್ ಒಂದನ್ನು ಎಡ್ವಿನ್ 1929ರಲ್ಲಿ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕುಳಿತೇ ಕಲಿತರು. 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮನೆಗಳಿಗೆ ಬಂತು. ಅದರ 2022ರ ನಲವತ್ತನೇ ವರ್ಷದ ಆವೃತ್ತಿಯಲ್ಲಿ ಡಿಸಿ-3 ಕೂಡ ಸೇರಿತು.

ಡಕೋಟಾದ ಎಂಜಿನ್ ಒಂದು ಗುಂಡಿ ಒತ್ತಿದರೆ ಹೊರಡುವಂಥದ್ದಲ್ಲ. ಹದಿನಾಲ್ಕು ಸಿಲಿಂಡರಿನ ಎರಡು ಟ್ವಿನ್ ವಾಸ್ಪ್ ಎಂಜಿನ್‌ಗಳು, ಒಂದೊಂದಕ್ಕೂ ಸುಮಾರು 1,200 ಅಶ್ವಶಕ್ತಿ. ಮೊದಲು ಕೈಪಂಪಿನಿಂದ ಇಂಧನದ ಒತ್ತಡ ಏರಿಸಬೇಕು. ಒಂದು ಸ್ವಿಚ್ ಹಿಡಿದು ಸ್ಟಾರ್ಟರಿನ ಭಾರದ ಚಕ್ರ ರಭಸದಿಂದ ತಿರುಗುವವರೆಗೆ ಕಾಯಬೇಕು, ಇನ್ನೊಂದು ಸ್ವಿಚ್‌ನಿಂದ ಆ ಚಕ್ರವನ್ನು ಎಂಜಿನ್‌ಗೆ ಜೋಡಿಸಬೇಕು. ಸಿಲಿಂಡರುಗಳು ಉರಿ ಹಿಡಿದ ಕ್ಷಣದಲ್ಲಿ ಮಿಕ್ಸ್ಚರ್ ಲಿವರ್ ಸರಿಸಬೇಕು; ತಡವಾದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಆಮೇಲೆ ಎಣ್ಣೆ ಬಿಸಿಯಾಗುವವರೆಗೆ ತಾಳ್ಮೆ. ಚಕ್ರ ಮಡಚಲು ಒಂದಲ್ಲ, ಎರಡು ಹಿಡಿಗಳು: ಬೀಗದ್ದು ಒಂದು, ಹೈಡ್ರಾಲಿಕ್ಸಿನದು ಇನ್ನೊಂದು. ಶಕ್ತಿ ಏರಿಸುವಾಗ ಮೊದಲು ಪ್ರೊಪೆಲ್ಲರಿನ ಲಿವರ್, ನಂತರ ಥ್ರಾಟಲ್. ಇಳಿಸುವಾಗ ಇದು ತಿರುವುಮುರುವು. ನಿಜವಾದ ಪರೀಕ್ಷೆ ಇರುವುದು ಇಳಿಯುವಾಗ. ಥ್ರಾಟಲನ್ನು ಒಮ್ಮೆಲೇ ಪೂರ್ತಿ ಹಿಂದಕ್ಕೆ ಎಳೆದರೆ ಬಿಸಿ ಎಂಜಿನ್ ಥಟ್ಟನೆ ತಣ್ಣಗಾಗಿ ಹಾನಿಯಾಗಬಹುದು. ಹಾಗಾಗಿ 9,000 ಅಡಿಯಲ್ಲಿದ್ದವರು ಸುಮಾರು 30 ನಾಟಿಕಲ್ ಮೈಲು ಮೊದಲೇ ಇಳಿಯಲು ತೊಡಗಬೇಕು. ಇಷ್ಟು ದೂರ, ಇಷ್ಟು ಎತ್ತರ, ಇಷ್ಟು ಎದುರುಗಾಳಿ ಎಂದು ಎಣಿಸಿಕೊಡುವ ಕಂಪ್ಯೂಟರ್ ಆ ಕಾಕ್‌ಪಿಟ್‌ನಲ್ಲಿಲ್ಲ. ಹೊಸ ವಿಮಾನದಲ್ಲಿ ಪರದೆಯ ಹಿಂದೆ ಅಡಗಿರುವ ಈ ಕೆಲಸವೆಲ್ಲ ಇಲ್ಲಿ ಕಲಿಯುವವನ ಕೈಗೇ ಬರುತ್ತದೆ.

ಕುರ್ಚಿಯಲ್ಲಿ ಕೂತವನಿಗೆ ಪ್ರಾಣಭಯವಿಲ್ಲ, ಮೈಗೆ ಕುಲುಕಾಟವಿಲ್ಲ, ಇದೆಂಥ ಕಲಿಕೆ ಎಂಬ ಆಕ್ಷೇಪ ಇದೆ. ಅದರಲ್ಲಿ ಸತ್ಯವೂ ಇದೆ. ಬಾಲದ ಚಕ್ರದ ಮೇಲೆ ಕೂರುವ ಡಕೋಟಾ ನೆಲದ ಮೇಲೆ ಓಡುವಾಗ ಪಕ್ಕಕ್ಕೆ ತಿರುಗಲು ನೋಡುತ್ತದೆ. ಅದನ್ನು ಪೈಲಟ್ ಕಣ್ಣಿಗಿಂತ ಮೊದಲು ಕೂತ ಸೀಟಿನಿಂದ ತಿಳಿಯುತ್ತಾನೆ. ಮೇಜಿನ ಮೇಲಿನ ಪರದೆ ಅದನ್ನು ಕೊಡಲಾರದು. ಮನೆಯಲ್ಲಿ ಎಷ್ಟು ಹಾರಿಸಿದರೂ ಪೈಲಟ್ ಲೈಸೆನ್ಸ್ ಸಿಗುವುದಿಲ್ಲ, ಸಿಗಲೂ ಬಾರದು. ಆದರೆ ಕ್ರಮ, ಲೆಕ್ಕ, ಮುಂದಾಲೋಚನೆ ಇವು ಮೈಯ ಅನುಭವಕ್ಕೆ ಸೇರಿದವಲ್ಲ, ಬುದ್ಧಿಯ ಅಭ್ಯಾಸಕ್ಕೆ ಸೇರಿದವು. ವಿಮಾನ ಕಂಪನಿಗಳೂ ತಮ್ಮ ಪೈಲಟ್‌ಗಳನ್ನು ಹೊಸ ಮಾದರಿಗೆ ಒಗ್ಗಿಸುವುದು, ಎಂಜಿನ್ ಕೆಟ್ಟರೆ ಏನು ಮಾಡಬೇಕೆಂದು ಮತ್ತೆ ಮತ್ತೆ ಪರೀಕ್ಷಿಸುವುದು ಸಿಮ್ಯುಲೇಟರಿನಲ್ಲೇ. ಅವರದು ಕೋಟಿಗಟ್ಟಲೆ ಬೆಲೆಯ ಯಂತ್ರ ನಿಜ, ಆದರೆ ಅಲ್ಲಿ ಓದುವ ಚೆಕ್‌ಲಿಸ್ಟಿನ ಶಿಸ್ತು ಇಲ್ಲಿಯೂ ಅದೇ.

ಎಂಬತ್ತು ವರ್ಷ ಹಳೆಯ ವಿಮಾನದ ತಿಳಿವಳಿಕೆ ಈಗ ಯಾತಕ್ಕೆ ಎಂದು ಕೇಳುವವರು ಬಜ್ಪೆಯ ದಾಖಲೆಯನ್ನೊಮ್ಮೆ ನೋಡಬೇಕು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಆವ್ರೋ ಮಳೆಗೆ ಒದ್ದೆಯಾದ ಹಳೆಯ ಗಿಡ್ಡ ರನ್‌ವೇಯ ಅಂಚು ದಾಟಿತು. ಯಾರ ಜೀವವೂ ಹೋಗಲಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೋಯಿಂಗ್ 737 ಹೊಸ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ತೀರಿಹೋದರು, ಉಳಿದವರು ಎಂಟೇ ಮಂದಿ. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ಬಂದಿತ್ತು, 8,000 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು, ಇಳಿಯುವುದು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು ಎಂಬುದು ತನಿಖೆಯಲ್ಲಿ ಹೊರಬಂತು. ಸಿಮ್ಯುಲೇಟರ್ ಹವ್ಯಾಸ ಇದನ್ನು ತಪ್ಪಿಸುತ್ತಿತ್ತು ಎಂದರೆ ಅದು ಸತ್ತವರಿಗೆ ಮಾಡುವ ಅವಮಾನ. ಆ ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಮೀರಿದ ಅನುಭವವಿತ್ತು. ನಾನು ಹೇಳುವುದು ಇಷ್ಟೇ: ಸಮಯಕ್ಕೆ ಸರಿಯಾಗಿ ಕಳೆದುಕೊಳ್ಳದ ಎತ್ತರವೆಲ್ಲ ಕೊನೆಗೆ ರನ್‌ವೇಯ ಉದ್ದವನ್ನು ತಿನ್ನುತ್ತದೆ ಎಂಬ ನಿಯಮ ಡಕೋಟಾಕ್ಕೂ ಬೋಯಿಂಗ್‌ಗೂ ಒಂದೇ. ಹಳೆಯ ವಿಮಾನ ಅದನ್ನು ಮರೆಮಾಚದೆ ತೋರಿಸುತ್ತದೆ. ಆಟಿ ತಿಂಗಳ ಮಳೆ, ಕೆಳಗಿಳಿದ ಮೋಡ ಎಲ್ಲವನ್ನೂ ಪರದೆಯ ಮೇಲೆ ತಂದುಕೊಂಡು ಗೋ ಅರೌಂಡ್ ಅಭ್ಯಾಸ ಮಾಡಿದ ಹುಡುಗಿಯೊಬ್ಬಳು ನಾಳೆ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗೆ ಸೇರಿದರೆ, ಇಳಿಯದೆ ಮೇಲೇರುವುದು ಸೋಲಲ್ಲ ಎಂಬುದು ಅವಳಿಗೆ ಮೊದಲೇ ರೂಢಿಯಾಗಿರುತ್ತದೆ.

ಖರ್ಚಿನ ಮಾತು ಸುಲಭದಲ್ಲಿ ಮುಗಿಯುತ್ತದೆ: ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ ಕೂಡ. ಹೊಸ ವಿಮಾನವನ್ನೋ ನಿಲ್ದಾಣವನ್ನೋ ಯಾರು ಬೇಕಾದರೂ ಕಟ್ಟಿ ಅದಕ್ಕೆ ಸೇರಿಸಬಹುದು. ಇಲ್ಲಿ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಳ್ಳೆಯ ಕೆಲಸವೊಂದಿದೆ. ಆವ್ರೋ ಹಾರಿಸಿದವರು, ಅದರ ಡಾರ್ಟ್ ಎಂಜಿನ್ ಬಿಚ್ಚಿ ಜೋಡಿಸಿದವರು ಈಗ ವಯಸ್ಸಾದವರು. ಮಳೆಗಾಲದಲ್ಲಿ ಹಳೆಯ 09/27 ರನ್‌ವೇಗೆ ಹೇಗೆ ಬರುತ್ತಿದ್ದರು, ನೆಲ ಮುಟ್ಟಿದ ಮೇಲೆ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಡ್ಡ ಹಿಡಿದು ವಿಮಾನ ನಿಲ್ಲಿಸುವಾಗ ಏನನ್ನು ಗಮನಿಸುತ್ತಿದ್ದರು ಎಂಬುದು ಯಾವ ಕೈಪಿಡಿಯಲ್ಲೂ ಪೂರ್ತಿ ಸಿಗುವುದಿಲ್ಲ. ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು, ಆ ರನ್‌ವೇಯನ್ನೂ ಆವ್ರೋವನ್ನೂ ಅವರ ಮಾತಿನ ಪ್ರಕಾರ ಕಟ್ಟಬೇಕು, ಕಟ್ಟಿದ್ದನ್ನು ಅವರಿಂದಲೇ ಹಾರಿಸಿ ತಿದ್ದಿಸಿಕೊಳ್ಳಬೇಕು.