ಮತಪತ್ರದಲ್ಲಿ ಹೆಸರು ಅಚ್ಚಾಗುವ ಮುನ್ನ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಊರುಗಳ ಹೋಟೆಲು, ಕಟ್ಟೆ, ಬಸ್‌ಸ್ಟ್ಯಾಂಡುಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ಟಿಕೆಟ್ ಯಾರಿಗಂತೆ?’ ಹೈಕಮಾಂಡ್ ಪಟ್ಟಿ ಬಿಡುಗಡೆ ಮಾಡುವವರೆಗೂ ಇದೇ ಚರ್ಚೆ. ಹಾಗೆ ನೋಡಿದರೆ ಆಕಾಂಕ್ಷಿಯ ಕೈಗೆ ಕೊನೆಗೆ ಬರುವ ಕಾಗದ ಬಿ ಫಾರಂ. ಟಿಕೆಟ್ ಎಂಬ ಕಾಗದವೇ ಎಲ್ಲೂ ಇಲ್ಲ. ಈ ಮಾತು ಹುಟ್ಟಿದ ಅಮೆರಿಕದಲ್ಲಿ ಮಾತ್ರ ಅದು ನಿಜವಾಗಿಯೂ ಒಂದು ಚೀಟಿಯಾಗಿತ್ತು.

19ನೇ ಶತಮಾನದ ಬಹುಪಾಲು ಅಲ್ಲಿ ಮತಪತ್ರ ಮುದ್ರಿಸುವುದು ಸರ್ಕಾರದ ಕೆಲಸವಾಗಿರಲಿಲ್ಲ. ಪಕ್ಷಗಳೇ ತಮ್ಮ ಹುರಿಯಾಳುಗಳ ಹೆಸರನ್ನೆಲ್ಲ ಒಂದು ಉದ್ದನೆಯ ಚೀಟಿಯಲ್ಲಿ ಅಚ್ಚು ಹಾಕಿಸಿ ಮತಗಟ್ಟೆಯ ಹೊರಗೆ ಹಂಚುತ್ತಿದ್ದವು. ಆ ಚೀಟಿಯೇ ಟಿಕೆಟ್. ಮತದಾರ ಅದನ್ನು ತಂದು ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಪಕ್ಷಗಳ ಚೀಟಿಗೆ ಬೇರೆಬೇರೆ ಬಣ್ಣ, ಬೇರೆಬೇರೆ ಚಿತ್ರ ಇರುತ್ತಿದ್ದುದರಿಂದ ಯಾರು ಯಾರಿಗೆ ಮತ ಹಾಕಿದರೆಂಬುದು ದೂರ ನಿಂತವರಿಗೂ ಗೊತ್ತಾಗುತ್ತಿತ್ತು. ಮತ ಕೊಂಡವನಿಗೆ ಕೊಟ್ಟ ದುಡ್ಡಿಗೆ ಖಾತ್ರಿ, ಕೆಲಸ ಕೊಟ್ಟ ಧಣಿಗೆ ಆಳಿನ ಮೇಲೆ ಕಣ್ಣು.

ಆ ಕೆಟ್ಟ ವ್ಯವಸ್ಥೆಯಲ್ಲಿ ಒಂದು ಸ್ವಾತಂತ್ರ್ಯವೂ ಇತ್ತು. ಚೀಟಿಯಲ್ಲಿ ಹೆಸರು ಬರಲು ಯಾವ ಅಧಿಕಾರಿಯ ಅಪ್ಪಣೆಯೂ ಬೇಕಿರಲಿಲ್ಲ. ಅಚ್ಚುಕೂಟಕ್ಕೆ ಹಣ ಕಟ್ಟಬಲ್ಲ ಯಾರು ಬೇಕಾದರೂ ತಮ್ಮ ಟಿಕೆಟ್ ಹೊರಡಿಸಬಹುದಿತ್ತು. ಪಕ್ಷದ ಚೀಟಿಯಲ್ಲಿ ಒಂದು ಹೆಸರು ಹಿಡಿಸದಿದ್ದರೆ ಮತದಾರ ಅದರ ಮೇಲೆ ಗೀಟೆಳೆದು ಬೇರೆ ಹೆಸರು ಬರೆಯುತ್ತಿದ್ದ. ಅಂಟು ಹಚ್ಚಿದ ಪುಟ್ಟ ಪಟ್ಟಿಗಳಲ್ಲಿ ಹೆಸರು ಅಚ್ಚು ಹಾಕಿಸಿ ಹಂಚುವವರಿದ್ದರು. ಹಳೆಯ ಹೆಸರಿನ ಮೇಲೆ ಅದನ್ನು ಅಂಟಿಸಿದರಾಯಿತು.

ಇದೆಲ್ಲ ಬದಲಾದದ್ದು ಆಸ್ಟ್ರೇಲಿಯಾದ ದಾರಿಯನ್ನು ಅಮೆರಿಕ ಹಿಡಿದಾಗ. ಸರ್ಕಾರವೇ ಒಂದೇ ಬಗೆಯ ಮತಪತ್ರ ಮುದ್ರಿಸಿ, ಮತಗಟ್ಟೆಯೊಳಗೆ ಕೊಟ್ಟು, ಮರೆಯಲ್ಲಿ ಗುರುತು ಹಾಕಿಸುವ ಪದ್ಧತಿಯನ್ನು ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ 1856ರಲ್ಲೇ ತಂದಿದ್ದವು. ಅಮೆರಿಕದಲ್ಲಿ 1888ರಲ್ಲಿ ಕೆಂಟಕಿಯ ಲೂಯಿವಿಲ್ ನಗರವೂ ಮ್ಯಾಸಚೂಸೆಟ್ಸ್ ರಾಜ್ಯವೂ ಅದನ್ನು ಒಪ್ಪಿದವು. ಕೆಲವೇ ವರ್ಷಗಳಲ್ಲಿ ಹೆಚ್ಚಿನ ರಾಜ್ಯಗಳು ಹಿಂಬಾಲಿಸಿದವು. ಮತ ಗುಟ್ಟಾಯಿತು. ಅದು ದೊಡ್ಡ ಗೆಲುವು. ಆದರೆ ಮುದ್ರಿಸುವವನು ಸರ್ಕಾರ ಎಂದಾದ ದಿನವೇ ಹೊಸ ಪ್ರಶ್ನೆಯೊಂದು ಎದ್ದಿತು: ಯಾರ ಹೆಸರು ಮುದ್ರಿಸಬೇಕು? ಹಿಂದಿನ ಚುನಾವಣೆಯಲ್ಲಿ ಸಾಕಷ್ಟು ಮತ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ ನೇರ ಜಾಗ, ಉಳಿದವರು ಮತದಾರರ ಸಹಿ ಸಂಗ್ರಹಿಸಿ ತರಬೇಕು ಎಂದು ಕಾನೂನುಗಳು ಬಂದವು. ಬಾಗಿಲೇ ಇಲ್ಲದ ಬಯಲಿಗೆ ಬೇಲಿ ಬಿದ್ದದ್ದು ಹೀಗೆ.

ಪಕ್ಷದೊಳಗಿನ ಕಥೆ ಬೇರೆ. ಅಭ್ಯರ್ಥಿ ಯಾರೆಂದು ತೀರ್ಮಾನಿಸುತ್ತಿದ್ದುದು ಪ್ರತಿನಿಧಿಗಳ ಸಮಾವೇಶ. ಸಮಾವೇಶ ಇರುತ್ತಿದ್ದುದು ಪಕ್ಷದ ಧಣಿಗಳ ಮುಷ್ಟಿಯಲ್ಲಿ. ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫೋಲೆಟ್ 1896 ಮತ್ತು 1898ರಲ್ಲಿ ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಉಮೇದುವಾರಿಕೆ ಕೇಳಿ ಎರಡೂ ಸಲ ಸೋತರು. ಪ್ರತಿನಿಧಿಗಳನ್ನು ದುಡ್ಡಿಗೆ ಕೊಂಡರೆಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು. 1900ರಲ್ಲಿ ಗೆದ್ದ ಮೇಲೆ ಅವರು ಹಿಡಿದ ಹಟವೆಂದರೆ, ಅಭ್ಯರ್ಥಿಯನ್ನೂ ಮತದಾರರೇ ಆರಿಸಬೇಕು ಎಂಬುದು. 1904ರ ನವೆಂಬರ್‌ನಲ್ಲಿ ಜನಮತ ಆ ಕಾನೂನನ್ನು ಒಪ್ಪಿತು. 1906ರಲ್ಲಿ ಮೊದಲ ಪ್ರೈಮರಿ, ಅಂದರೆ ಪಕ್ಷದ ಹುರಿಯಾಳನ್ನು ಆರಿಸುವ ಪ್ರಾಥಮಿಕ ಚುನಾವಣೆ ನಡೆಯಿತು. ಆ ಮೊದಲ ಪ್ರೈಮರಿಯಲ್ಲೇ ಗವರ್ನರ್ ಸ್ಥಾನಕ್ಕೆ ಲಾ ಫೋಲೆಟ್ ಬೆಂಬಲಿಸಿದ ಇರ್ವಿನ್ ಲೆನ್‌ರೂಟ್ ಸೋತರು! ಬಾಗಿಲು ತೆರೆದವನ ಮಾತನ್ನೂ ಮೀರಿ ಜನ ತಮಗೆ ಬೇಕಾದವರನ್ನು ಆರಿಸಿದ್ದರು. ಕಾನೂನು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ಅದೇ ಪ್ರೈಮರಿ ಕಪ್ಪು ಜನರನ್ನು ಹೊರಗಿಡುವ ಗೋಡೆಯಾಯಿತು. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ಗೆದ್ದವನೇ ಗೆದ್ದಂತೆ. ಆ ಪ್ರೈಮರಿ ಬಿಳಿಯರಿಗೆ ಮಾತ್ರ ಎಂದು ಟೆಕ್ಸಾಸ್ 1923ರಲ್ಲಿ ಕಾನೂನನ್ನೇ ಮಾಡಿತು. ಎಲ್ ಪಾಸೋದ ವೈದ್ಯ ಲಾರೆನ್ಸ್ ನಿಕ್ಸನ್ ಕೋರ್ಟಿಗೆ ಹೋಗಿ 1927ರಲ್ಲಿ ಗೆದ್ದರೂ ಪಕ್ಷ ಬೇರೆ ದಾರಿ ಹುಡುಕಿತು. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1944ರಲ್ಲಿ ತೀರ್ಪು ಕೊಟ್ಟ ಮೇಲೆಯೇ ಆ ಗೋಡೆ ಬಿದ್ದದ್ದು. ದುಡ್ಡಿನ ಗೋಡೆ ಇನ್ನೂ ಉಳಿದಿತ್ತು. ಟೆಕ್ಸಾಸ್‌ನಲ್ಲಿ ಪ್ರೈಮರಿಗೆ ನಿಲ್ಲಲು ಕೆಲವು ಹುದ್ದೆಗಳಿಗೆ 8,900 ಡಾಲರ್‌ವರೆಗೂ ಶುಲ್ಕ ಕಟ್ಟಬೇಕಿತ್ತು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಟ್ಟಲಾಗದ ಬಡವನಿಗೆ ಬೇರೆ ದಾರಿ ಕೊಡದೆ ಶುಲ್ಕ ಕೇಳುವಂತಿಲ್ಲ ಎಂದು 1974ರಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣವೊಂದರಲ್ಲಿ ಹೇಳಿತು.

ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯಲ್ಲಿ ಪ್ರೈಮರಿಯ ಮಾತು ನಿರ್ಣಾಯಕವಾದದ್ದು ತೀರಾ ಈಚೆಗೆ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಕಣಕ್ಕಿಳಿಯದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅವರನ್ನು ಆರಿಸಿದ ಶಿಕಾಗೋ ಸಮಾವೇಶದ ಹೊರಗೆ ಬೀದಿಗಳಲ್ಲಿ ಪೊಲೀಸರು ಲಾಠಿ ಬೀಸಿದರು. ಆ ಅವಮಾನದಿಂದ ಪಕ್ಷ ನಿಯಮ ಬದಲಿಸಿತು. 1972ರಿಂದ ಪ್ರೈಮರಿ ಗೆಲ್ಲದೆ ಉಮೇದುವಾರಿಕೆ ಸಿಗುವುದು ತೀರಾ ಅಪರೂಪ ಎಂಬಂತಾಯಿತು. ಮತಪತ್ರದಲ್ಲಿ ಹೆಸರು ಬರಿಸಿಕೊಳ್ಳುವುದಕ್ಕೆ ಆಮೇಲೆ ಬೆಲೆ ಎಷ್ಟೋ ಪಟ್ಟು ಏರಿತು.

ಆ ಹೆಸರು ಬರುವುದು ಹೇಗೆ? ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲ ಒಂದೇ ಉತ್ತರವಿಲ್ಲ. ರಾಜ್ಯಕ್ಕೊಂದು ಕಾನೂನು. ಕೆಲವೆಡೆ ಶುಲ್ಕ, ಕೆಲವೆಡೆ ಸಹಿ, ಕೆಲವೆಡೆ ಪಕ್ಷವೇ ಹೆಸರು ಕಳಿಸುತ್ತದೆ. ಸಹಿಯ ದಾರಿಯೇ ಹೆಚ್ಚು ಕಷ್ಟದ್ದು. ದಿನಸಿ ಅಂಗಡಿಯ ಬಾಗಿಲಲ್ಲಿ ಕಾರ್ಯಕರ್ತ ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ನಿಂತಿರುತ್ತಾನೆ. ಹೋಗಿಬರುವವರನ್ನು ತಡೆದು, ಎರಡು ಮಾತಿನಲ್ಲಿ ವಿಷಯ ಹೇಳಿ, ಪೆನ್ನು ಮುಂದೆ ಹಿಡಿಯುತ್ತಾನೆ. ಸಾಲಿಗೊಬ್ಬರಂತೆ ಹೆಸರು, ಸಹಿ, ವಿಳಾಸ. ಹಾಳೆಯ ಕೆಳಗೆ, ಈ ಸಹಿಗಳು ನನ್ನೆದುರೇ ಬಿದ್ದವು ಎಂದು ಸಂಗ್ರಹಿಸಿದವನ ಪ್ರಮಾಣ. ಸಹಿ ಮಾಡಿದವರು ಮತದಾರರ ಪಟ್ಟಿಯಲ್ಲಿ ಇರಬೇಕು, ಅದೇ ಕ್ಷೇತ್ರದಲ್ಲಿ ಇರಬೇಕು, ಪಟ್ಟಿಯಲ್ಲಿರುವ ವಿಳಾಸವೂ ಹಾಳೆಯಲ್ಲಿರುವ ವಿಳಾಸವೂ ಹೊಂದಬೇಕು. ಮನೆ ಬದಲಿಸಿ ಪಟ್ಟಿ ತಿದ್ದಿಸದವರ ಸಹಿ ಹೋಯಿತು. ಸಹಿಯ ಜಾಗದಲ್ಲಿ ಬಿಡಿ ಅಕ್ಷರಗಳಲ್ಲಿ ಹೆಸರು ಬರೆದವರದ್ದೂ ಹೋಗಬಹುದು. ಅದಕ್ಕೇ ಅನುಭವಸ್ಥರು ಬೇಕಾದ್ದಕ್ಕಿಂತ ದುಪ್ಪಟ್ಟು ಸಹಿ ಕೂಡಿಸುತ್ತಾರೆ.

ದುಪ್ಪಟ್ಟೂ ಸಾಲದೆ ಹೋದದ್ದುಂಟು. 1996ರಲ್ಲಿ ಇಲಿನಾಯ್ ಸೆನೆಟ್‌ಗೆ ಸ್ಪರ್ಧಿಸಲು ಬೇಕಿದ್ದುದು 757 ಸಹಿ. ಹಾಲಿ ಸದಸ್ಯೆ ಆಲಿಸ್ ಪಾಮರ್ 1,580 ಸಹಿ ಕೊಟ್ಟಿದ್ದರು. ಎದುರಾಳಿಯ ಬೆಂಬಲಿಗರು ಚುನಾವಣಾ ಕಚೇರಿಯಲ್ಲಿ ಕೂತು ಒಂದೊಂದೇ ಸಾಲನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿದರು. ಮೂರರಲ್ಲಿ ಎರಡು ಪಾಲು ನಿಲ್ಲಲಿಲ್ಲ. ಪಾಮರ್ ಹಿಂದೆ ಸರಿದರು, ಇನ್ನುಳಿದ ಮೂವರೂ ಇದೇ ರೀತಿ ಹೊರಬಿದ್ದರು. ಪ್ರೈಮರಿಯಲ್ಲಿ ಎದುರಾಳಿಯೇ ಇಲ್ಲದೆ ಉಳಿದ ಆ ತರುಣನ ಹೆಸರು ಬರಾಕ್ ಒಬಾಮ. ಕಾನೂನಿನ ದೃಷ್ಟಿಯಲ್ಲಿ ತಪ್ಪಿಲ್ಲ. ಆದರೆ ಆ ಕ್ಷೇತ್ರದ ಮತದಾರರಿಗೆ ಆ ಪ್ರೈಮರಿಯಲ್ಲಿ ಆರಿಸಲು ಏನೂ ಉಳಿದಿರಲಿಲ್ಲ ಎಂಬುದೂ ನಿಜ.

ವರ್ಜೀನಿಯಾದಲ್ಲಿ 2012ರ ಅಧ್ಯಕ್ಷೀಯ ಪ್ರೈಮರಿಗೆ 10,000 ಸಹಿ ಬೇಕಿತ್ತು, ಅದರಲ್ಲೂ 11 ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರಗಳ ಪ್ರತಿಯೊಂದರಿಂದ ಕನಿಷ್ಠ 400. ಮಿಟ್ ರಾಮ್ನಿ ಮತ್ತು ರಾನ್ ಪಾಲ್ ಇಬ್ಬರೇ ದಾಟಿದರು. ಟೆಕ್ಸಾಸ್ ಗವರ್ನರ್ ರಿಕ್ ಪೆರಿ ಕೋರ್ಟಿಗೆ ಹೋದರೂ ಪ್ರಯೋಜನವಾಗಲಿಲ್ಲ. ನ್ಯೂಟ್ ಗಿಂಗ್ರಿಚ್ ವಾಸವಿದ್ದುದೇ ವರ್ಜೀನಿಯಾದಲ್ಲಿ. ತಮ್ಮದೇ ರಾಜ್ಯದ ಮತಪತ್ರದಲ್ಲಿ ಅವರ ಹೆಸರಿರಲಿಲ್ಲ. ಆಮೇಲೆ ರಾಜ್ಯ ಆ ಸಂಖ್ಯೆಯನ್ನು 5,000ಕ್ಕೆ ಇಳಿಸಿತು.

ಮಿಷಿಗನ್‌ನ 13ನೇ ಕಾಂಗ್ರೆಸ್ ಕ್ಷೇತ್ರದ ವಿಷಯ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 1,000 ಸಹಿ ಬೇಕು. ಸುಮಾರು ಅರ್ಧ ಶತಮಾನ ಕಾಂಗ್ರೆಸ್‌ನಲ್ಲಿದ್ದ ಜಾನ್ ಕಾನ್ಯರ್ಸ್ 2014ರಲ್ಲಿ ಅಷ್ಟು ದಕ್ಕಿಸಿಕೊಳ್ಳಲಾಗದೆ ಹೊರಬಿದ್ದರು. ಸಂಗ್ರಹಿಸಿದವರಲ್ಲಿ ಕೆಲವರು ಸ್ವತಃ ನೋಂದಾಯಿತ ಮತದಾರರಾಗಿರಲಿಲ್ಲ ಎಂದು ಅವರು ತಂದ ಸಹಿಗಳನ್ನೆಲ್ಲ ತೆಗೆದುಹಾಕಲಾಗಿತ್ತು. ಫೆಡರಲ್ ನ್ಯಾಯಾಧೀಶರು ಅವರ ಹೆಸರನ್ನು ಮತ್ತೆ ಸೇರಿಸಿದರು, ಅವರು ಗೆದ್ದರು. ಮುಂದೆ ಗಡಿ ಬದಲಾದ ಅದೇ ಸಂಖ್ಯೆಯ ಕ್ಷೇತ್ರದಿಂದ 2022ರಲ್ಲಿ ಗೆದ್ದವರು ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್. 2024ರಲ್ಲಿ ಪ್ರೈಮರಿಗೆ ಎದುರಾದ ಆಡಮ್ ಹಾಲಿಯರ್ ಅವರ ಸಹಿಗಳನ್ನು ಥಾಣೇದಾರ್ ಬಣ ಪ್ರಶ್ನಿಸಿತು. ಪರಿಶೀಲನೆಯಲ್ಲಿ ಸಾವಿರ ಉಳಿಯಲಿಲ್ಲ, ಹಾಲಿಯರ್ ಹೆಸರು ಅಚ್ಚಾಗಲಿಲ್ಲ. ಇನ್ನೊಂದು ಮಗ್ಗುಲನ್ನೂ ಹೇಳಬೇಕು: 2022ರಲ್ಲಿ ಇದೇ ರಾಜ್ಯದ ಗವರ್ನರ್ ಪ್ರೈಮರಿಯಿಂದ ಐವರು ರಿಪಬ್ಲಿಕನ್ನರು ಹೊರಬಿದ್ದದ್ದು ದುಡ್ಡು ಪಡೆದು ಸಹಿ ಸಂಗ್ರಹಿಸುವವರು ಸಾವಿರಗಟ್ಟಲೆ ಖೋಟಾ ಸಹಿ ಹಾಕಿದ್ದರಿಂದ. ತಪಾಸಣೆ ಬೇಡ ಎನ್ನುವಂತಿಲ್ಲ.

ನನಗೆ ಮೆಚ್ಚುಗೆಯಾಗುವುದು ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದ ರೀತಿ. ಸಂವಿಧಾನ ಹೇಳುವ ಅರ್ಹತೆಯುಳ್ಳ ಯಾರೇ ಆಗಲಿ ರಾಜಧಾನಿ ಕಾಂಕರ್ಡ್‌ಗೆ ಹೋಗಿ ಒಂದು ಘೋಷಣಾಪತ್ರಕ್ಕೆ ಸಹಿ ಹಾಕಿ 1,000 ಡಾಲರ್ ಕಟ್ಟಿದರೆ ಅಧ್ಯಕ್ಷೀಯ ಪ್ರೈಮರಿಯಲ್ಲಿ ಹೆಸರು ಅಚ್ಚಾಗುತ್ತದೆ. 2016ರಲ್ಲಿ ಎರಡೂ ಪಕ್ಷ ಸೇರಿ 58 ಹೆಸರುಗಳಿದ್ದವು. ಅಲ್ಲಿನ ಮತದಾರರು ಇದರಿಂದ ದಿಕ್ಕೆಟ್ಟವರಲ್ಲ. ಅಚ್ಚಾಗದ ಹೆಸರನ್ನು ಕೈಯಲ್ಲಿ ಬರೆಯುವ ಹಳೆಯ ಹಕ್ಕನ್ನೂ ಅವರು ಬಿಟ್ಟಿಲ್ಲ. 1964ರಲ್ಲಿ ಸೈಗಾನ್‌ನಲ್ಲಿ ರಾಯಭಾರಿಯಾಗಿದ್ದ ಹೆನ್ರಿ ಕ್ಯಾಬಟ್ ಲಾಡ್ಜ್ ಊರಿಗೇ ಬಾರದೆ, ಮತಪತ್ರದಲ್ಲಿ ಹೆಸರೂ ಇಲ್ಲದೆ, ರಿಪಬ್ಲಿಕನ್ ಪ್ರೈಮರಿಯ ಘಟಾನುಘಟಿಗಳಾದ ಗೋಲ್ಡ್‌ವಾಟರ್ ಮತ್ತು ರಾಕ್‌ಫೆಲರ್ ಇಬ್ಬರನ್ನೂ ಸೋಲಿಸಿದರು. 2024ರಲ್ಲಿ ಪಕ್ಷದ ವೇಳಾಪಟ್ಟಿಯ ಜಗಳದಿಂದ ಆಗಿನ ಅಧ್ಯಕ್ಷ ಜೋ ಬೈಡನ್ ಅವರ ಹೆಸರೇ ಇರಲಿಲ್ಲ. ಜನ ಪೆನ್ನು ಹಿಡಿದು ಬರೆದರು, ಅವರು ಗೆದ್ದರು. ಬೇರೆಡೆ ಹೆಸರು ತೆಗೆಸುವ ಯತ್ನವೂ ನಡೆದಿತ್ತು: ಡೊನಾಲ್ಡ್ ಟ್ರಂಪ್ ಹೆಸರನ್ನು 2024ರ ಪ್ರೈಮರಿ ಮತಪತ್ರದಿಂದ ತೆಗೆಯಬೇಕೆಂದು ಕೊಲರಾಡೋ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ಹೇಳಿತ್ತು. ದೇಶದ ಸುಪ್ರೀಂ ಕೋರ್ಟ್ 2024ರ ಮಾರ್ಚ್ 4ರಂದು ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಆ ರಾಜ್ಯದ ಮತದಾನ ಇದ್ದದ್ದು ಮಾರನೆಯ ದಿನವೇ.

ಪ್ರೈಮರಿ ನಮ್ಮಲ್ಲಿ ಕಾಲಿಡಲೇ ಇಲ್ಲ ಎನ್ನುವಂತಿಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ರಾಹುಲ್ ಗಾಂಧಿಯವರ ಯೋಜನೆಯಂತೆ ದೇಶದ ಕೆಲವು ಕ್ಷೇತ್ರಗಳಲ್ಲಿ ಇದನ್ನು ಮಾಡಿ ನೋಡಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಆ ಪಟ್ಟಿಯಲ್ಲಿದ್ದವು. ಮತ ಹಾಕಿದವರು ಸಾಮಾನ್ಯ ಮತದಾರರಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳು. ಮಂಗಳೂರಿನಲ್ಲಿ ಜನಾರ್ದನ ಪೂಜಾರಿ, ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ ಗೆದ್ದು ಅಭ್ಯರ್ಥಿಗಳಾದರು. ಮೇ ತಿಂಗಳ ಫಲಿತಾಂಶದಲ್ಲಿ ಇಬ್ಬರೂ ಸೋತರು. 2019ರಲ್ಲೂ 2024ರಲ್ಲೂ ಆ ಎರಡು ಕ್ಷೇತ್ರಗಳ ಟಿಕೆಟ್ ತೀರ್ಮಾನವಾದದ್ದು ದೆಹಲಿಯಲ್ಲಿ.